ಹತ್ತಿಯವರ ಮನೆಯ ಹಾಡು

ಮಾತು ಹೋದ ಮೇಲೆ ಅಪ್ಪ ಹಾಡಲು ಶುರು ಮಾಡಿದರು. ಹಾಡಿದ್ದು ಸ್ತೋತ್ರವಾಗಿದ್ದರೆ ಸಭೆಯವರು ಪವಾಡವೆಂದು ಕೊಂಡಾಡುತ್ತಿದ್ದರು. ಹಾಡಿದ್ದು ಸಿನಿಮಾ ಹಾಡು. ಅದೂ ಎಂಥದ್ದು? ಮುಚ್ಚಿದ ಬಾಗಿಲ ಹೊರಗೆ ನಿಂತ ಗಂಡಸೊಬ್ಬ ಒಳಗಿರುವ ಹೆಂಗಸನ್ನು ಬಾಗಿಲು ತೆಗೆ ಎಂದು ಗೋಗರೆಯುವ ಹಾಡು. ಬದುಕಿಡೀ ಸಿನಿಮಾ, ರೇಡಿಯೊ, ನಾಟಕ, ಇಸ್ಪೀಟು ಎಂದರೆ ಮೂಗು ಮುರಿದವರು ಅವರು, ಬೇರೆಯವರ ಮೂಗನ್ನೂ ಹಿಡಿದು ಮುರಿಸಿದವರು. ಅಂಥವರ ಬಾಯಲ್ಲಿ ಇದು ಬಂದರೆ ಯಾರಿಗಾದರೂ ನಗು ಬರಬೇಕು. ಮಗಳಿಗೆ ಬರಲಿಲ್ಲ. ಆಸ್ಪತ್ರೆಯಿಂದ ಕರೆತಂದು ಮಂಚದ ಮೇಲೆ ಮಲಗಿಸಿ ದಿಂಬು ಸರಿಮಾಡುತ್ತಿದ್ದಾಗ, ಆ ಸೊಟ್ಟ ಬಾಯಿಂದ ಹರೆಯದ ಹುಡುಗನ ದನಿಯೊಂದು ಹೊರಟದ್ದೇ ತಡ, ಅವಳು ದಿಂಬು ಬಿಟ್ಟು ಹಿಂದೆ ಸರಿದಳು.

ಅವರ ಕ್ರೈಸ್ತ ಸಭೆಗೆ ಉದ್ದನೆಯ ಹೆಸರೊಂದಿತ್ತು, ಬೋರ್ಡಿನ ಮೇಲೆ ಎರಡು ಸಾಲು ಹಿಡಿಯುವಂಥದ್ದು. ಊರಿನವರು ಮಾತ್ರ ಹತ್ತಿಯವರು ಎನ್ನುತ್ತಿದ್ದರು. ಲೋಕದ ಹಾಡು ಕಿವಿಗೆ ಬೀಳುವ ಕಡೆ ಹೋಗಲೇಬೇಕಾಗಿ ಬಂದರೆ ಸಭೆಯವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಹತ್ತಿ, ಕ್ಷೌರದಂಗಡಿಯಲ್ಲಿ ಹತ್ತಿ, ಪಕ್ಕದ ಮನೆಯಲ್ಲಿ ಹುಟ್ಟುಹಬ್ಬವಾದರೆ ತಮ್ಮ ಮನೆಯಲ್ಲಿ ಕೂತು ಹತ್ತಿ. ಹಾರ್ನ್ ಕೇಳಿಸದೆ ರಸ್ತೆ ದಾಟಲು ಹೋಗಿ ಕಾಲು ಮುರಿದುಕೊಂಡವರೂ ಇದ್ದರು. ಅವರು ಊರುಗೋಲು ಊರಿಕೊಂಡು ಬಂದು, ಕಾಲು ಹೋದರೂ ಕಿವಿ ಉಳಿಯಿತು ಎಂದು ಸಭೆಯಲ್ಲಿ ಸಾಕ್ಷಿ ಹೇಳುತ್ತಿದ್ದರು. ನಗುವವರು ನಗಬಹುದು, ಆದರೆ ಒಳಗಿದ್ದವರಿಗೆ ಅದರಲ್ಲೊಂದು ನೆಮ್ಮದಿಯೂ ಇತ್ತು. ಜಗತ್ತು ಎಷ್ಟೇ ಗದ್ದಲ ಮಾಡಿದರೂ ತಮ್ಮ ಪಾಡಿಗೆ ತಾವಿರಬಹುದಿತ್ತು.

ಹತ್ತಿಯ ಯೋಚನೆ ಅಪ್ಪನದೇ. ಹರೆಯದಲ್ಲಿ ಅವರು ಸಿನಿಮಾ ಥಿಯೇಟರುಗಳ ಮುಂದಿನ ದೊಡ್ಡ ಚಿತ್ರಗಳನ್ನು ಬರೆಯುತ್ತಿದ್ದರು. ಒಂದು ದಿನ ನಾಯಕಿಯ ಕೆನ್ನೆಗೆ ಗುಲಾಬಿ ಬಣ್ಣ ಬಳಿಯುತ್ತಿದ್ದಾಗ ಏಣಿ ಜಾರಿ, ಮೇಲಿಂದ ಕೆಳಕ್ಕೆ ಬಿದ್ದು, ಬದುಕಿದರು. ಬದುಕಿದ್ದು ಕೃಪೆ, ಬಿದ್ದದ್ದು ಕೆನ್ನೆಯಿಂದ ಎಂದು ಅವರಿಗೆ ಖಾತ್ರಿಯಾಯಿತು. ಆಮೇಲೆ ಅಂಗಡಿ ಬೋರ್ಡು ಮತ್ತು ಗೋಡೆಯ ಮೇಲೆ ದೇವರ ವಾಕ್ಯ, ಇವೆರಡನ್ನು ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ಕೃಪೆ ಪುಕ್ಕಟೆ ಎಂದು ಬೋಧಿಸುತ್ತಿದ್ದರು. ಆ ಪುಕ್ಕಟೆಯಾದದ್ದು ಸಿಗಬೇಕಾದರೆ ಏನೇನು ಬಿಡಬೇಕು ಎಂಬುದನ್ನು ಹೇಳಲು ಮಾತ್ರ ಇಡೀ ಬೆಳಗ್ಗೆ ಬೇಕಾಗುತ್ತಿತ್ತು.

ಇನ್ನೊಂದು ಪದ್ಧತಿಯನ್ನೂ ಅಪ್ಪನೇ ತಂದದ್ದು. ಕರ್ತನ ಮೇಜಿನ ರೊಟ್ಟಿ ತೆಗೆದುಕೊಳ್ಳುವ ಮೊದಲು ಪ್ರತಿಯೊಬ್ಬರೂ ಎಲ್ಲರಿಗೂ ಕೇಳುವಂತೆ ‘ಬಿಟ್ಟೆ’ ಎನ್ನಬೇಕು. ಲೋಕದ ಸುಖವನ್ನು ಬಿಟ್ಟೆ ಎಂದು ಅರ್ಥ. ಹಿರಿಯರು ರೊಟ್ಟಿಯ ಚೂರನ್ನು ತುಟಿಯ ಬಳಿ ಹಿಡಿದು ಕಾಯುತ್ತಾರೆ. ಬಾಯಿಂದ ಆ ಒಂದು ಮಾತು ಬಂದರೆ ರೊಟ್ಟಿ ಬಾಯಿಗೆ, ಇಲ್ಲವಾದರೆ ತಟ್ಟೆಗೆ. ರೊಟ್ಟಿ ತಪ್ಪುತ್ತಲೇ ಹೋದವರು ಹೊರಗಿನವರೆಂದು ಲೆಕ್ಕ. ಅವರು ಸತ್ತರೆ ಸಭೆ ಬರುವುದಿಲ್ಲ, ಪ್ರಾರ್ಥನೆ ಇಲ್ಲ, ಸ್ಮಶಾನದ ಗೋಡೆಯ ಪಕ್ಕ ಒಂದು ಗುಂಡಿ ಅಷ್ಟೆ. ಅಪ್ಪನೇ ಎಷ್ಟೋ ಜನರ ರೊಟ್ಟಿಯನ್ನು ತಟ್ಟೆಗೆ ಹಾಕಿದ್ದರು. ಈಗ ಅವರ ಸರದಿ ಬಂದಿತ್ತು, ಅವರ ಬಾಯಿಗೆ ಆ ಒಂದು ಮಾತು ಬರುತ್ತಿರಲಿಲ್ಲ.

ಡಾಕ್ಟರು ಮೊದಲೇ ಎಚ್ಚರಿಸಿದ್ದರು. “ಮೆದುಳಲ್ಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ. ರಕ್ತ ನಿಂತಿದ್ದು ಮಾತಿನ ಕಡೆ. ಮಾತಾಡೋಕೆ ಆಗದೆ ಇರೋರು ಹಳೇ ಹಾಡು ಹಾಡೋದುಂಟು. ಗಾಬರಿ ಆಗ್ಬೇಡಿ. ಆದ್ರೆ ಇವ್ರ ಹೃದಯನೂ ಸೋತಿದೆ, ತುಂಬಾ ದಿನ ಅಂತ ಇಟ್ಕೋಬೇಡಿ.”

ಈ ಮಾತನ್ನು ಮಗಳು ಸಭೆಯ ಮುಖ್ಯ ಹಿರಿಯರಿಗೆ ಹೇಳಿದಳು. ಅವರದು ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಕೆಲಸ, ಹಾಗಾಗಿ ಎಲ್ಲರಿಗೂ ಅವರು ತಕ್ಕಡಿಯವರು. ಮಾತನ್ನೂ ತೂಗಿಯೇ ಆಡುವರು, ಚೂರು ಹೆಚ್ಚಾದರೆ ತೆಗೆದಿಟ್ಟುಬಿಡುವರು. ಅವರು ಹೇಳಿದರು: “ಎಲ್ಲಿಂದ ಹೊರಗೆ ಬರ್ತಿದೆ ಅನ್ನೋದು ಡಾಕ್ಟರಿಗೆ ಗೊತ್ತಮ್ಮ. ಒಳಗೆ ಯಾರು ಕೂತಿದ್ದಾರೆ ಅನ್ನೋದು ಅವರಿಗೆ ಗೊತ್ತಿಲ್ಲ.”

ಮುಂದಿನ ತಿಂಗಳ ಮೊದಲ ಭಾನುವಾರ ಮನೆಗೇ ರೊಟ್ಟಿ ತರುವುದೆಂದೂ, ಅಂದು ಅಪ್ಪ ‘ಬಿಟ್ಟೆ’ ಎನ್ನದೆ ಆ ಹಾಡನ್ನೇ ಹಾಡಿದರೆ ಅವರ ಹೆಸರನ್ನು ಸಭೆಯಿಂದ ತೆಗೆಯುವುದೆಂದೂ ತೀರ್ಮಾನವಾಯಿತು. ಅಲ್ಲಿಯವರೆಗೆ ಪ್ರತಿ ಸಂಜೆ ಸಭೆಯ ಸಹೋದರಿಯರು ಬಂದು ಮಂಚದ ಸುತ್ತ ನಿಂತು ಸ್ತೋತ್ರ ಹಾಡುತ್ತಿದ್ದರು. ಅಪ್ಪನ ಹಾಡು ಶುರುವಾದರೆ ಇವರದ್ದೂ ಶುರು. ಅವರು ಏರಿಸಿದರೆ ಇವರು ಇನ್ನಷ್ಟು ಏರಿಸುವರು. ಕೊನೆಗೆ ಸುಸ್ತಾಗಿ ಸುಮ್ಮನಾಗುತ್ತಿದ್ದುದು ಅಪ್ಪ. ಗೆದ್ದೆವೆಂದು ಸಹೋದರಿಯರು ಬೆವರು ಒರೆಸಿಕೊಂಡು ಹೋಗುತ್ತಿದ್ದರು.

ಮಗಳು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆ ಮತ್ತು ವಸತಿಗೃಹಗಳ ಹಾಸುಹೊದಿಕೆಗಳನ್ನು ಬಿಸಿ ಉರುಳೆಗೆ ಕೊಟ್ಟು, ಇನ್ನೊಂದು ಕಡೆಯಿಂದ ಹಿಡಿದು ಮಡಚುವ ಕೆಲಸ. ಅಲ್ಲಿ ಹಬೆಯ ಸದ್ದನ್ನು ಮೀರಿಸುವಂತೆ ರೇಡಿಯೊ ಕೂಗುತ್ತಿತ್ತು. ಅವಳಿಗೆ ಹತ್ತಿಯೆಂದೇ ಅಡ್ಡಹೆಸರು. “ಹತ್ತೀ, ನಿಮ್ಮ ದೇವರಿಗೆ ನಗು ಬರಲ್ವಾ?” ಎಂದು ಜೊತೆಗಾತಿ ಕಿರುಚಿದರೆ, “ಹೂಂ, ಇದು ಒಣಗಿದೆ, ಇನ್ನೊಂದು ಕೊಡು” ಎಂದು ಇವಳ ಉತ್ತರ. ನಲವತ್ತು ದಾಟಿದ ಅವಳಿಗೆ ತನ್ನದೆಂದು ಇದ್ದದ್ದು ಅಪ್ಪ ಮತ್ತು ಸಭೆ. ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅಪ್ಪನ ಹೆಣದ ಹಿಂದೆ ತಾನೊಬ್ಬಳೇ ನಡೆದು, ಗೋಡೆಯ ಪಕ್ಕದ ಗುಂಡಿಗೆ ಅವರನ್ನು ಇಳಿಸುವ ಚಿತ್ರ ಅವಳ ಕಣ್ಣಿಗೆ ಕಟ್ಟಿತ್ತು. ಅದೊಂದು ಆಗಬಾರದು ಎಂಬುದಷ್ಟೇ ಅವಳ ಪ್ರಾರ್ಥನೆ.

ಹಾಡು ಶುರುವಾದ ದಿನದಿಂದ ಅವಳು ಮನೆಯಲ್ಲೂ ಹತ್ತಿ ಇಟ್ಟುಕೊಳ್ಳತೊಡಗಿದಳು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ ಅದು. ಅಪ್ಪನ ಮಂಚದ ಎದುರಿಗೇ ಅಡುಗೆಮನೆಯ ಬಾಗಿಲು. ಅವಳು ಮನೆಗೇ ಮಡಚುವ ಕೆಲಸ ತಂದಿದ್ದಳು, ಮಂಚದ ಬಳಿ ಕೂತು ದಿಂಬಿನ ಚೀಲಗಳನ್ನು ಮಡಚುತ್ತ ಅಪ್ಪನನ್ನು ನೋಡಿಕೊಳ್ಳುತ್ತಿದ್ದಳು. ಹಾಡು ಕೇಳದಿದ್ದರೂ ಹಾಡುವುದು ಕಾಣುತ್ತಿತ್ತು. ಮುಖದ ಬಲಭಾಗ ಜಾರಿಹೋಗಿತ್ತು, ಎಡಭಾಗವೊಂದೇ ಹಾಡುತ್ತಿತ್ತು. ಒಂದಿಷ್ಟು ಹಾಡಿ ಅಪ್ಪ ನಿಲ್ಲಿಸುತ್ತಿದ್ದರು. ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೊರಳುತ್ತಿತ್ತು. ತಲೆ ತುಸು ವಾಲುತ್ತಿತ್ತು. ಕಾಯುತ್ತಿದ್ದರು. ಆಮೇಲೆ ಎಡಗಡೆಯ ಹುಬ್ಬು ಮೇಲೆದ್ದು, ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಬಂದು, ಮತ್ತೆ ಹಾಡು. ಆ ಬಿಡುವು ಒಮ್ಮೆಯೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಒಂದು ದಿಂಬಿನ ಚೀಲ ಮಡಚಿ ಮುಗಿಸುವಷ್ಟು ಹೊತ್ತು, ಅಷ್ಟೇ.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾಗ ಅಪ್ಪ ಹಾಡು ನಿಲ್ಲಿಸಿ ಇತ್ತ ನೋಡಿದರು. ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡಳು. ಅಲ್ಲ, ಅವರ ನೋಟ ಅವಳ ಭುಜದ ಮೇಲಿಂದ ಹಾದು, ಅವಳ ತಲೆಗಿಂತ ಕೊಂಚ ಎತ್ತರದಲ್ಲಿ ನಿಂತಿತ್ತು. ಅಮ್ಮ ಅವಳಿಗಿಂತ ಎತ್ತರ ಇದ್ದರು. ಅದು ನೆನಪಾದ ಕೂಡಲೇ ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತಂತಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಗೋಡೆಗೆ ಒರಗಿ ನಿಂತಳು.

ಮರುದಿನ ಮಡಚಿದ ಚೀಲಗಳನ್ನು ಲಾಂಡ್ರಿಗೆ ಕೊಟ್ಟುಬರಲು ಹೊರಟವಳನ್ನು ಚಪ್ಪಲಿ ರಿಪೇರಿಯವನು ಕೈಸನ್ನೆ ಮಾಡಿ ನಿಲ್ಲಿಸಿದ. ಅವಳು ಒಂದು ಕಿವಿಯ ಹತ್ತಿ ತೆಗೆದಳು.

“ತಪ್ಪು ತಿಳ್ಕೋಬೇಡಿ ಅಕ್ಕ. ನಿಮ್ಮಪ್ಪನ ಜೊತೆ ಹಾಡ್ತಾರಲ್ಲ, ಅವರು ಯಾರು?”

“ನಾಲ್ಕೈದು ಜನ ಬರ್ತಾರೆ. ನಮ್ಮ ಸಭೆಯ ಸಹೋದರಿಯರು.”

“ಅವರಲ್ಲ ಅಕ್ಕ, ಅವರು ಕಿರುಚೋದು ನಂಗೂ ಗೊತ್ತು. ಮಧ್ಯಾಹ್ನದ ಹೊತ್ತು ಒಬ್ಬ ಹೆಂಗಸು ಹಾಡ್ತಾರಲ್ಲ. ಅವರೊಂದು ಸಾಲು, ಇವರೊಂದು ಸಾಲು. ಎಂಥಾ ಕಂಠ ಅಂತೀರಿ! ನಾನು ಮೊಳೆ ಹೊಡೆಯೋದು ನಿಲ್ಲಿಸಿ ಕೇಳ್ತೀನಿ.”

ಅವಳು ಲಾಂಡ್ರಿಗೆ ಹೋಗಲಿಲ್ಲ. ಮೆಟ್ಟಿಲು ಹತ್ತಿ ವಾಪಸು ಬಂದು, ಮಂಚದ ಬಳಿ ಕೂತು, ಎರಡೂ ಕಿವಿಯ ಹತ್ತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬೇಕೆಂದೇ ಲೋಕದ ಹಾಡು ಕೇಳಲು ಕೂತದ್ದು ಬದುಕಿನಲ್ಲಿ ಅದೇ ಮೊದಲು. ನಾಚಿಕೆ ಆಯಿತು, ಭಯವೂ ಆಯಿತು. ಅಪ್ಪ ಹಾಡಿದರು, ಬಾಗಿಲು ತೆಗೆಯೇ, ಬಾಗಿಲು ತೆಗೆ. ನಿಲ್ಲಿಸಿದರು. ಕೆಳಗಿನಿಂದ ಒಂದೇ ಸಮನೆ ಕೇಳಿಬರುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು. ಅವಳು ಕಿವಿಯನ್ನೆಲ್ಲ ಅಡುಗೆಮನೆಯ ಕಡೆಗೇ ಇಟ್ಟಳು. ಏನೂ ಇಲ್ಲ. ಅಪ್ಪನ ಹುಬ್ಬು ಮೇಲೆದ್ದಿತು, ಅವರು ಮತ್ತೆ ಹಾಡಿದರು, ಕೆಳಗೆ ಸುತ್ತಿಗೆ ಮತ್ತೆ ಶುರುವಾಯಿತು. ಅವಳಿಗೊಬ್ಬಳಿಗೇ ಏನೂ ಕೇಳಿಸಿರಲಿಲ್ಲ.

ಆ ಹಾಡಿನ ಗುಟ್ಟು ಗೊತ್ತಿರಬಹುದಾದವರು ಒಬ್ಬರೇ. ಅಮ್ಮನ ತಂಗಿ, ಚಿಕ್ಕಮ್ಮ. ಸಿನಿಮಾ ಥಿಯೇಟರಿನಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸ ಅವರದು, ಅದೇ ಕಾರಣಕ್ಕೆ ಅಪ್ಪ ಅವರನ್ನು ಮನೆ ಹತ್ತಿಸುತ್ತಿರಲಿಲ್ಲ. ಮಗಳು ಥಿಯೇಟರಿನ ಹಿಂದಿನ ಮೆಟ್ಟಿಲ ಬಳಿ ಹೋಗಿ ನಿಂತಳು. ಗೋಡೆಯ ಆಚೆ ಜನ ಒಟ್ಟಿಗೆ ನಕ್ಕದ್ದು ಕೇಳಿತು. ಕತ್ತಲಲ್ಲಿ ಗುರುತಿಲ್ಲದ ಅಷ್ಟು ಜನ ಒಂದೇ ಮಾತಿಗೆ ನಗುವುದು ಅವಳಿಗೆ ಪ್ರಾರ್ಥನೆಯ ಹಾಗೆ ಕೇಳಿಸಿತು. ಹಾಗನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

“ಏನೇ ಇದು, ಸೂರ್ಯ ಯಾವ ಕಡೆ ಹುಟ್ಟಿದ?” ಎಂದು ಚಿಕ್ಕಮ್ಮ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡರು. “ಕತ್ತಲಲ್ಲಿ ದಾರಿ ತೋರಿಸೋ ಕೆಲಸ ನಂದು. ನಿಮ್ಮ ತಕ್ಕಡಿಯವರದ್ದೂ ಅದೇ ಅಲ್ವಾ? ನನ್ನ ಟಾರ್ಚಿಗೆ ಬ್ಯಾಟರಿ ಇದೆ ನೋಡು.” ವಿಷಯ ಕೇಳಿದ ಮೇಲೆ ಮಾತ್ರ ನಗಲಿಲ್ಲ. ಟಾರ್ಚನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಇದ್ದ ಹಾಗೇ ಹೊರಟುಬಂದರು.

ಮಂಚದ ಪಕ್ಕ ನಿಂತು ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳಿದರು. “ಅದೇ. ಜೋಡಿ ಹಾಡು ಕಣೇ ಇದು. ನಿಮ್ಮಪ್ಪ ಏಣಿ ಮೇಲೆ ನಿಂತು ಚಿತ್ರ ಬರೆಯೋರು, ಅಕ್ಕ ಕೆಳಗೆ ಕೂತು ಬಣ್ಣ ಕಲಸೋಳು. ಇವರು ಮೇಲಿಂದ ಒಂದು ಸಾಲು, ಅವಳು ಕೆಳಗಿಂದ ಒಂದು ಸಾಲು. ರಸ್ತೇಲಿ ಹೋಗೋರು ನಿಂತು ಕೇಳೋರು. ಅವನು ಬಾಗಿಲು ತೆಗಿ ಅಂತಾನೆ. ಅವಳು ಕೈಯೆಲ್ಲ ಹಿಟ್ಟು, ಆಮೇಲೆ ಬಾರೋ ಅಂತಾಳೆ. ಮತ್ತೆ ಕರೀತಾನೆ, ತಲೆಯೆಲ್ಲ ನೊರೆ, ಆಮೇಲೆ ಬಾರೋ. ಮೂರನೇ ಸಲ ಕರೆದಾಗ, ಚಿಲಕವೇ ಇಲ್ಲ, ತಳ್ಳಿದರೆ ಸಾಕು, ಒಳಗೆ ಬಾರೋ ಅಂತಾಳೆ. ಅಷ್ಟೇ ಹಾಡು. ಇದ್ರಲ್ಲಿ ಯಾರ ಮನೆ ಹಾಳಾಗುತ್ತೆ ಹೇಳು? ಬಾಗಿಲು ತಟ್ಟೋರು ನಿಮ್ಮ ಪುಸ್ತಕದಲ್ಲೂ ಇದ್ದಾರಲ್ಲ.”

ಅಷ್ಟರಲ್ಲಿ ಅಪ್ಪ ಮತ್ತೆ ಹಾಡಿದರು. ಚಿಕ್ಕಮ್ಮ ಕೈಯೆತ್ತಿ, “ತಡಿ. ಗಂಟಲು ಒಣಗಿದೆ ಅಂತ ಈ ಹಾಡಲ್ಲಿ ಎಲ್ಲಿದೆ?” ಎಂದರು. ಬಗ್ಗಿ, ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದರು. “ಇದು ಹಾಡಲ್ಲ ಕಣೇ. ರಾಗ ಅಷ್ಟೇ ಹಾಡಿನದ್ದು. ನೀರು ಬೇಕು ಅಂತಿದ್ದಾರೆ. ನೀರು ಕೊಡು ಮೊದಲು!”

ಲೋಟ ತುಟಿಗೆ ತಾಗಿಸಿದ್ದೇ ತಡ, ಅಪ್ಪ ಗಟಗಟನೆ ಕುಡಿದರು. ಎದೆಯ ಮೇಲೆಲ್ಲ ಚೆಲ್ಲಿಕೊಂಡು ಇನ್ನೊಂದು ಲೋಟ ಕುಡಿದರು. ಆಮೇಲೆ ಅದೇ ರಾಗದಲ್ಲಿ, ಕಿಟಕಿ ತೆರೆ, ಸೆಕೆ ಆಗಿದೆ ಎಂದು ಹಾಡಿದರು. ಮಗಳು ಹೋಗಿ ಕಿಟಕಿ ತೆರೆದಳು. ಹಾಡು ಗೊತ್ತಿದ್ದವರನ್ನು ಮನೆಗೆ ಬಿಟ್ಟುಕೊಂಡಿರಲಿಲ್ಲ, ಮನೆಗೆ ಬಂದವರಿಗೆ ಹಾಡು ಗೊತ್ತಿರಲಿಲ್ಲ. ಅವರ ಪಾಲಿಗೆ ಎಲ್ಲ ಸಾಲೂ ಒಂದೇ ಪಾಪ. ಅಪ್ಪ ಬಾಯಾರಿ ನೀರು ಬೇಡುತ್ತಿದ್ದಾಗ ಸಹೋದರಿಯರು ಸುತ್ತ ನಿಂತು ಜೀವಜಲದ ಸ್ತೋತ್ರ ಹಾಡಿದ್ದರು. ತಾನು ಪಕ್ಕದಲ್ಲೇ ಕೂತು ಹತ್ತಿ ಇಟ್ಟುಕೊಂಡು ದಿಂಬಿನ ಚೀಲ ಮಡಚಿದ್ದಳು. ಈ ಪಾಪವನ್ನು ಯಾರ ಹತ್ತಿರ ಹೇಳಿಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ.

ಆದರೆ ಒಂದು ದಾರಿಯೂ ಕಂಡಿತು. ನೀರು ಎನ್ನಲು ಬಂದವರಿಗೆ ‘ಬಿಟ್ಟೆ’ ಎನ್ನಲೂ ಬರಬೇಕಲ್ಲ? ಅವಳು ಹೆಣ್ಣಿನ ಸಾಲುಗಳನ್ನು ಚಿಕ್ಕಮ್ಮನಿಂದ ಕಲಿತಳು. ಮೊದಲ ಸಲ ಹಾಡಿದಾಗ ದನಿ ಕೀಚಲಾಗಿ ಒಡೆಯಿತು. ಚಿಕ್ಕಮ್ಮ, “ಹಿಟ್ಟಿನ ಕೈ ಅನ್ನೋಳು ಹೆಣದ ಮುಂದೆ ಕೂತ ಹಾಗೆ ಹಾಡ್ತಾಳೇನೇ?” ಎಂದು ಗದರಿಸಿದರು. ಕಲಿತಳು. ಅವಳು ಹಾಡಿದರೆ ಅಪ್ಪ ಬೇಗ ಹಾಡುತ್ತಿದ್ದರು, ಮಾತು ಬೇಗ ಸಿಗುತ್ತಿತ್ತು. ಅನ್ನ ಬೇಡ ಎಂದರು, ಬೆನ್ನು ನೋಯುತ್ತಿದೆ ಎಂದರು. ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುವಷ್ಟು ಖುಷಿ ಅವಳಿಗೆ ಅದರಲ್ಲಿ ಆಗುತ್ತಿತ್ತು. ಆದರೆ ‘ಬಿಟ್ಟೆ’ ಎಂದು ಹೇಳಿಕೊಟ್ಟರೆ ಮಾತ್ರ ಅಪ್ಪ ತುಟಿ ಬಿಗಿದು, ಅಡುಗೆಮನೆಯ ಬಾಗಿಲನ್ನು ನೋಡುತ್ತ, ಉಸಿರೂ ಬಿಡದ ಹಾಗೆ ಮಲಗಿಬಿಡುತ್ತಿದ್ದರು.

“ಆ ಒಂದು ಮಾತು ಯಾಕೆ ಬರಲ್ಲ ಚಿಕ್ಕಮ್ಮ?”

“ನೀನು ಆಗ ತೊಟ್ಟಿಲಲ್ಲಿದ್ದೆ” ಎಂದರು ಚಿಕ್ಕಮ್ಮ. “ಇವರು ಸಭೆ ಸೇರಿ ಸ್ವಲ್ಪ ದಿನ ಆಗಿತ್ತು. ಅಕ್ಕ ಒಳಗೆ ಈ ಹಾಡನ್ನ ಗುನುಗ್ತಿದ್ದಳು. ಇವರು ಹೋಗಿ ಇದೇ ಅಡುಗೆಮನೆ ಬಾಗಿಲು ಹಾಕಿ, ಹೊರಗಿಂದ ಚಿಲಕ ಜಡಿದರು. ಬಿಟ್ಟೆ ಅನ್ನೋವರೆಗೂ ತೆಗೆಯಲ್ಲ ಅಂದರು. ಅವಳು ಮೊದಲು ತಮಾಷೆ ಅಂದ್ಕೊಂಡು ನಗ್ತಾ ಹಾಡಿದಳು. ಆಮೇಲೆ ಸಿಟ್ಟಲ್ಲಿ ಹಾಡಿದಳು. ಈಚೆ ನೀನು ಹಸಿವಿಗೆ ಕಿರುಚ್ತಿದ್ದೆ, ಅವಳಿಗೆ ಹಾಲುಣಿಸೋಕೆ ಬರೋ ಹಾಗಿಲ್ಲ. ಕೊನೆಗೆ ಬಿಟ್ಟೆ ಅಂದಳು. ಅದೇ ಕೊನೆ, ಸಾಯೋವರೆಗೂ ಅವಳ ಬಾಯಿಂದ ಒಂದು ರಾಗ ಬರಲಿಲ್ಲ. ನಿಮ್ಮ ಸಭೆಯಲ್ಲಿ ಎಲ್ಲರೂ ಹೇಳ್ತೀರಲ್ಲ ಆ ಮಾತು, ಅದು ಹುಟ್ಟಿದ್ದು ಆ ಬಾಗಿಲ ಹಿಂದೆ.”

ಮಗಳು ಆ ಬಾಗಿಲನ್ನು ನೋಡಿದಳು. ಹೊರಗಡೆ ಚಿಲಕ ಕಿತ್ತುಹಾಕಿದ ಗುರುತು ಇತ್ತು. ಅಪ್ಪನೇ ಬಣ್ಣ ಬಳಿದು ಮುಚ್ಚಿದ್ದರು, ಒಳ್ಳೆಯ ಕೈಕೆಲಸ. ತಾನು ಪ್ರತಿ ಸಲ ರೊಟ್ಟಿಗಾಗಿ ಬಾಯಿ ತೆರೆದು ಹೇಳುತ್ತಿದ್ದದ್ದು ಅಮ್ಮನ ಸೋಲನ್ನು. ಅಪ್ಪನ ಮೇಲೆ ಕೋಪ ಉಕ್ಕಿತು. ಆ ಕೋಪದಲ್ಲೇ ಅವರ ಬಾಯಿಯ ಜೊಲ್ಲು ಒರೆಸಿದಳು. ಏನೇ ಆಗಲಿ, ಗೋಡೆಯ ಪಕ್ಕದ ಗುಂಡಿಗೆ ಇವರನ್ನು ಕಳಿಸಲಾರೆ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಸಭೆಯವರು ಬಂದರು. ತಕ್ಕಡಿಯವರ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ತಟ್ಟೆ. ಹಿಂದೆ ನಾಲ್ಕೈದು ಸಹೋದರಿಯರು, ಎಲ್ಲರ ಕಿವಿಯಲ್ಲೂ ಹೊಸ ಹತ್ತಿ. ಕಿಟಕಿಯ ಬಳಿ ಕೂತಿದ್ದ ಚಿಕ್ಕಮ್ಮನನ್ನು ಕಂಡು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ತಕ್ಕಡಿಯವರು ಪ್ರಾರ್ಥಿಸಿ, ಕೇಳುವುದಕ್ಕೆಂದು ಒಂದು ಕಿವಿಯ ಹತ್ತಿ ತೆಗೆದು, ರೊಟ್ಟಿಯ ಚೂರನ್ನು ಅಪ್ಪನ ತುಟಿಯ ಬಳಿ ಹಿಡಿದರು. ತಕ್ಕಡಿಯವರಿಗೆ ದೀಕ್ಷಾಸ್ನಾನ ಕೊಟ್ಟವರು ಅಪ್ಪನೇ.

“ಅಣ್ಣಾ, ಒಂದೇ ಮಾತು. ಹೇಳಿಬಿಡಿ.”

ಅಪ್ಪ ಬಾಯಿ ತೆರೆದರು, ದನಿ ಬರಲಿಲ್ಲ. ಮಗಳು ಮುಂದೆ ಬಂದಳು. “ರಾಗ ಇದ್ರೆ ಮಾತ್ರ ಇವರಿಗೆ ಮಾತು ಬರುತ್ತೆ. ನಾನು ಹಾಡ್ತೀನಿ. ಇದರ ಶಿಕ್ಷೆ ಏನಿದ್ದರೂ ಆಮೇಲೆ ನನಗೆ ಕೊಡಿ.”

ತಕ್ಕಡಿಯವರು ಬೇಡ ಎನ್ನುವಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು. ಕೈಯೆಲ್ಲ ಹಿಟ್ಟು, ಹೇಗೆ ತೆಗೆಯಲಿ, ಆಮೇಲೆ ಬಾರೋ. ಸಹೋದರಿಯೊಬ್ಬಳು ಅಯ್ಯೋ ಎಂದಳು. ಅಪ್ಪನ ಕಣ್ಣು ತೆರೆದುಕೊಂಡಿತು. ಬಾಗಿಲು ತೆಗೆಯೇ ಎಂದು ಹಾಡಿದರು. ಅವಳು ಎರಡನೆಯ ಉತ್ತರವನ್ನೂ ಹಾಡಿ, ರೊಟ್ಟಿಯ ಕಡೆ ಕೈ ತೋರಿಸಿ, ಅದೇ ರಾಗದಲ್ಲಿ ಬಿಟ್ಟೆ ಅನ್ನಿ, ಬಿಟ್ಟೆ ಅನ್ನಿ ಎಂದು ಬೇಡಿಕೊಂಡಳು.

ಅಪ್ಪ ರೊಟ್ಟಿಯನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲನ್ನೇ ನೋಡುತ್ತ, ಒಂದೊಂದೇ ಮಾತನ್ನು ಎಳೆದು ಹಾಡಿದರು. ಚಿಲಕ ಹಾಕಿದವ ನಾನೇ. ಬಾಯಿ ಕಟ್ಟಿದವ ನಾನೇ. ಬಾಗಿಲು ತೆಗೆಯೇ, ಬಾಗಿಲು ತೆಗೆ. ಎಡಗಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಹಾಡು ನಿಂತಿತು. ಅವರು ತಲೆ ವಾಲಿಸಿ ಕಾದರು.

ತಕ್ಕಡಿಯವರು ನಿಟ್ಟುಸಿರಿಟ್ಟು ಚೂರನ್ನು ತಟ್ಟೆಗೆ ಹಾಕಿದರು. “ಬಿಟ್ಟೆ ಅನ್ನಲಿಲ್ಲ” ಎಂದರು.

ಮಗಳಿಗೆ ಆ ಕಡೆ ಗಮನವಿರಲಿಲ್ಲ. ಇನ್ನುಳಿದದ್ದು ಮೂರನೆಯ ಉತ್ತರ, ಅದು ಅವಳಿಗೆ ಬರುತ್ತಿತ್ತು. ಚಿಲಕವೇ ಇಲ್ಲ ಎಂದು ಹಾಡಿದರೆ ಸಾಕು, ಅಪ್ಪನಿಗೆ ಸಮಾಧಾನವಾಗುತ್ತದೆ. ಆದರೆ ಚಿಲಕ ಇತ್ತು. ಅದರ ಹಿಂದೆ ನಿಂತಿದ್ದವಳು ಅಮ್ಮ. ಕ್ಷಮಿಸಿದೆ ಎಂದು ಅಮ್ಮನ ಪರವಾಗಿ ಹೇಳಲು ತಾನು ಯಾರು? ಅಪ್ಪ ಕಾಯುತ್ತಲೇ ಇದ್ದರು. ಅವಳು ತುಟಿ ಕಚ್ಚಿ ಹಿಡಿದು ನಿಂತಳು. ಕೆಳಗೆ ಸುತ್ತಿಗೆಯ ಸದ್ದು ನಿಂತುಹೋಯಿತು.

ಅಪ್ಪನ ಹುಬ್ಬು ನಿಧಾನವಾಗಿ ಮೇಲೆದ್ದಿತು. 

ಮುಖದ ಎಡಭಾಗ ನಕ್ಕಿತು, ಆಮೇಲೆ ಸತ್ತಂತಿದ್ದ ಬಲಭಾಗವೂ. ಕಿಟಕಿಯ ಬಳಿ ಚಿಕ್ಕಮ್ಮ “ಅಕ್ಕಾ” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಸಹೋದರಿಯರು ಹತ್ತಿ ತುಂಬಿದ ಕಿವಿಗಳ ಮೇಲೆ ಅಂಗೈಗಳನ್ನೂ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಗ್ಗಿ ನಿಂತಿದ್ದರು. ತಕ್ಕಡಿಯವರು ತಟ್ಟೆಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಸರಿದು, ಮಗಳ ಕಡೆ ತಿರುಗಿ ಕೂಗಿದರು:

“ಸಾಕಮ್ಮಾ! ಹಾಡೋದು ನಿಲ್ಲಿಸು, ದಯವಿಟ್ಟು ನಿಲ್ಲಿಸು!”

ಅವಳ ತುಟಿ ಮುಚ್ಚಿಯೇ ಇತ್ತು. ಕಚ್ಚಿ ಹಿಡಿದದ್ದಕ್ಕೆ ಬಾಯಲ್ಲಿ ರಕ್ತದ ರುಚಿ ಬರುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಆಲಿಸಿದಳು. ರಸ್ತೆಯಲ್ಲಿ ಹೋದ ಲಾರಿಯ ಸದ್ದು ಬಿಟ್ಟರೆ ಅವಳಿಗೆ ಏನೂ ಕೇಳಿಸಲಿಲ್ಲ. ಎಲ್ಲರಿಗೂ ಸಿಕ್ಕಿದ್ದು ತನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು, ಸಂಕಟವಾಯಿತು. ಹಾಡುತ್ತಿರುವುದು ನಾನಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳು ಸಭೆಯಲ್ಲೇ ಉಳಿಯಬಹುದಿತ್ತು. ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಮಂಚಕ್ಕೂ ತಕ್ಕಡಿಯವರಿಗೂ ನಡುವೆ ಬಂದು ನಿಂತಳು.

“ಇವತ್ತು ಯಾರೂ ನಿಲ್ಲಿಸೋದು ಬೇಡ” ಎಂದಳು. “ಪೂರ್ತಿ ಹಾಡಲಿ.”